ಇಲ್ಲದ ಮಣ್ಣಿಗೆ ಹಾಕಿದ ರುಜು

ರಿಕ್ಲಮೇಶನ್ ಎಂಬ ಇಂಗ್ಲಿಷ್ ಪದವನ್ನು ಎಲ್ಲಿ ಕಂಡರೂ ನಾನು ಗುರುತು ಹಿಡಿಯುತ್ತೇನೆ. ಓದುತ್ತೇನೆ ಎಂದು ಹೇಳಲಾರೆ, ಗುರುತು ಹಿಡಿಯುತ್ತೇನೆ. ಇಪ್ಪತ್ತೆರಡು ವರ್ಷ ಆ ಪದ ನನ್ನ ಹೆಲ್ಮೆಟ್ಟಿನ ಮೇಲೆ, ಸೈಟಿನ ಗೇಟಿನ ಮೇಲೆ, ಸಂಬಳದ ಚೀಟಿಯ ಮೇಲೆ ಇತ್ತು. ಜನರ ಗುಂಪಿನಲ್ಲಿ ಹೆಂಡತಿಯ ಬೆನ್ನು ಕಂಡರೆ ಸಾಕು, ಇವಳೇ ಎಂದು ತಿಳಿಯುತ್ತದಲ್ಲ, ಹಾಗೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಂಡೂರು ಕಡೆಯ ಅದಿರಿನ ಗಣಿಗಳಲ್ಲಿ ಡೋಜರ್ ಓಡಿಸುವುದನ್ನು ಕಲಿತು, ಇಪ್ಪತ್ತೈದರ ವಯಸ್ಸಿನಲ್ಲಿ ಸಿಂಗಾಪುರಕ್ಕೆ ಬಂದೆ. ಕನ್ನಡದಲ್ಲಿ ಏನು ಕೊಟ್ಟರೂ ಓದುತ್ತೇನೆ. ಇಂಗ್ಲಿಷಿನಲ್ಲಿ ಅಂಕಿಗಳು ಬರುತ್ತವೆ, ಆಮೇಲೆ ನೂರೋ ನೂರೈವತ್ತೋ ಪದಗಳ ಆಕಾರ. ಮಾತಾಡುವುದಕ್ಕೆ ಸೈಟಿನ ಇಂಗ್ಲಿಷ್, ಸೈಟಿನ ಮಲಯ್ ಎರಡೂ ಬರುತ್ತವೆ. ಅಷ್ಟರಲ್ಲೇ ನಾನು ಸೂಪರ್‌ವೈಸರ್ ಆದೆ, ಪಿ.ಆರ್. ಎಂಬ ಕಾಯಂ ವಾಸದ ಪರವಾನಗಿ ತೆಗೆದುಕೊಂಡೆ, ಬಿಶಾನಿನಲ್ಲಿ ಮನೆ ಮಾಡಿದೆ. ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದು ನನ್ನ ಹೆಂಡತಿ ಮಗಳನ್ನು ಬಿಟ್ಟರೆ ಯಾರಿಗೂ ಗೊತ್ತಾಗದ ಹಾಗೆ ಇಪ್ಪತ್ತೆರಡು ವರ್ಷ ನೋಡಿಕೊಂಡೆ. ಅದು ಡೋಜರ್ ಓಡಿಸುವುದಕ್ಕಿಂತ ಕಷ್ಟದ ಕೆಲಸ.

ರುಜು ಮಾತ್ರ ನಾನು ಕನ್ನಡದಲ್ಲೇ ಹಾಕುವುದು. ಊರ ಹೆಸರು, ಅಪ್ಪನ ಹೆಸರು, ನನ್ನ ಹೆಸರು, ಒಂದಕ್ಷರ ಬಿಡದೆ. ಆರನೇ ಕ್ಲಾಸಿನ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದು: "ರುಜು ಅಂದ್ರ ಕೋಳಿ ಕೆದರಿದಂಗ ಕೆದರೋದಲ್ಲಲೇ. ಯಾರು ಓದಿದ್ರೂ ಇದು ನೀನ ಅಂತ ತಿಳೀಬೇಕು." ಇಲ್ಲಿನ ಚೀನೀ ಮ್ಯಾನೇಜರ್ ಪ್ರತಿ ಸಲ ಕಾಗದ ಚಾಚಿ, "ಬಾ, ನಿನ್ನ ನೂಡಲ್ಸ್ ಹಾಕು" ಎಂದು ನಗುತ್ತಿದ್ದ. ನಗಲಿ. ಆ ನೂಡಲ್ಸ್ ಬಿದ್ದ ಕಾಗದವನ್ನು ಮತ್ತೆ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.

ಸಮುದ್ರ ತುಂಬಿ ನೆಲ ಮಾಡುವ ನಮ್ಮ ಕೆಲಸದಲ್ಲಿ ಎಲ್ಲವೂ ಮಟ್ಟದ ಲೆಕ್ಕ. ಬಾರ್ಜು ಎಂಬ ಚಪ್ಪಟೆ ದೋಣಿಗಳು ಮರಳು ತಂದು ಸುರಿಯುತ್ತವೆ, ನಾವು ಹರಡುತ್ತೇವೆ, ಮೇಲೆ ಇನ್ನಷ್ಟು ಮರಳಿನ ಭಾರ ಹೇರಿ ತಿಂಗಳುಗಟ್ಟಲೆ ಕಾಯುತ್ತೇವೆ. ಕೆಳಗಿನ ಕೆಸರು ನೀರು ಬಿಟ್ಟುಕೊಟ್ಟು ಕುಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ಹೆಚ್ಚಿನ ಮರಳು ತೆಗೆದು ಅಳೆಯುವುದು. ಲೆವೆಲ್ ಬಂತು ಎಂದರೆ ಕೆಲಸ ಮುಗಿಯಿತು, ರುಜು ಹಾಕಬಹುದು. ನಾನು ಲೆವೆಲ್ ಬಂದಿದೆ ಎಂದು ರುಜು ಹಾಕಿದ ನೆಲ ಒಂದು ಗೇಣೂ ಕುಸಿದಿಲ್ಲ. ಇವತ್ತಿಗೂ ಅದರ ಮೇಲೆ ಲಾರಿಗಳು ಓಡಾಡುತ್ತಿವೆ.

ಸಮುದ್ರದ ಕೆಲಸದ ಕಂಪನಿಯ ಗುತ್ತಿಗೆ ಮುಗಿದಾಗ ನನಗೆ ಐವತ್ತು ಹತ್ತಿರ. ಪರಿಚಯದವರೊಬ್ಬರು ರಾಫೆಲ್ಸ್ ಪ್ಲೇಸಿನ ಒಂದು ಆಫೀಸಿಗೆ ಕಳಿಸಿದರು. ಕಲ್ಲಿದ್ದಲ ಕಂಪನಿ. ಆಫೀಸು ಇಲ್ಲಿ, ಗಣಿ ಸಮುದ್ರದಾಚೆ ಪಕ್ಕದ ದೇಶದ ಕಾಡಿನಲ್ಲಿ. ಇಂಟರ್‌ವ್ಯೂ ಮಾಡಿದವನು ಮೈಸೂರಿನವನು, ಮೂವತ್ತೈದರ ಆಸುಪಾಸು. ಸರಕಾರದ ಕಾನೂನು ಕಾಗದಪತ್ರವೆಲ್ಲ ಅವನ ಕೈಯಲ್ಲಿ. ಕನ್ನಡ ಎಂದು ತಿಳಿದ ಕೂಡಲೇ ಮುಖ ಅರಳಿತು.

"ಅಂಕಲ್, ನೀವು ಬಳ್ಳಾರಿ ಸೈಡಾ? ವಾವ್! ಟ್ವೆಂಟಿಟೂ ಇಯರ್ಸ್ ರಿಕ್ಲಮೇಶನ್ ಎಕ್ಸ್‌ಪೀರಿಯನ್ಸ್! ನಮಗೆ ಬೇಕಾಗಿರೋದೇ ಅದು. ಅಲ್ಲಿನ ಗಣಿ ಇಲಾಖೆಯವ್ರು ರಿಕ್ಲಮೇಶನ್ ಸೂಪರ್‌ವೈಸರ್ ಇಲ್ದೆ ಪರ್ಮಿಟ್ ರಿನ್ಯೂ ಮಾಡ್ತಿಲ್ಲ."

ನನ್ನ ಕಾಗದದಲ್ಲಿ ರಿಕ್ಲಮೇಶನ್ ಇತ್ತು, ಅವನ ಕಾಗದದಲ್ಲೂ ರಿಕ್ಲಮೇಶನ್ ಇತ್ತು. ಯಾವ ರಿಕ್ಲಮೇಶನ್ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ತಪ್ಪು ನನಗೆ ಗೊತ್ತಾದದ್ದು ಗಣಿಗೆ ಹೋದ ಮೊದಲ ದಿನ. ಹಳೆಯ ಸೂಪರ್‌ವೈಸರ್, ತಿರುಚ್ಚಿ ಕಡೆಯ ಮನುಷ್ಯ, ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ನನ್ನನ್ನು ಕರೆದುಕೊಂಡು ಹೋಗಿ ಒಂದು ಹೊಂಡದ ಅಂಚಿನಲ್ಲಿ ನಿಲ್ಲಿಸಿದ. ನಮ್ಮ ಬ್ಲಾಕಿನ ಹತ್ತು ಮಹಡಿ ಒಳಗೆ ಇಳಿದು ನಿಲ್ಲುವಷ್ಟು ಆಳ. ನಾನು ಗಂಭೀರವಾಗಿ ಕೇಳಿದೆ: "ಮರಳಿನ ಬಾರ್ಜು ಎಲ್ಲಿ ಬಂದು ನಿಲ್ತಾವೆ?"

ಪಕ್ಕದಲ್ಲಿದ್ದ ಟಿಪ್ಪರ್ ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಹೊಳೆಯಲ್ಲಿ ಬಾರ್ಜುಗಳಿದ್ದವು ನಿಜ. ಅವು ಕಲ್ಲಿದ್ದಲು ಹೊತ್ತು ಹೊರಗೆ ಹೋಗುವ ಬಾರ್ಜುಗಳು. ಮುಂದಿನ ಎರಡು ವರ್ಷ ಅಲ್ಲಿ ನನ್ನ ಹೆಸರೇ "ಬಾರ್ಜು ಅಣ್ಣ" ಎಂದಾಯಿತು. ತಿರುಚ್ಚಿಯವನು ಮಾತ್ರ ನಗಲಿಲ್ಲ. ಹೋಗುವ ಮುಂಚೆ ಜೊತೆಯಲ್ಲಿ ಚಹಾ ಕುಡಿದು, ತನ್ನ ಸ್ಟೀಲ್ ಫ್ಲಾಸ್ಕನ್ನು ನನಗೇ ಬಿಟ್ಟ. "ಇಲ್ಲಿ ಬಿಸಿ ನೀರು ಸಿಗೋದಿಲ್ಲ, ಇಟ್ಟುಕೊಳ್ಳಿ" ಎಂದ.

ಸಮುದ್ರದಲ್ಲಿ ರಿಕ್ಲಮೇಶನ್ ಎಂದರೆ ಇಲ್ಲದ ನೆಲವನ್ನು ಮಾಡುವುದು. ಗಣಿಯಲ್ಲಿ ಅದೇ ಪದಕ್ಕೆ ಇದ್ದ ನೆಲವನ್ನು ವಾಪಸು ಕೊಡುವುದು ಎಂಬ ಅರ್ಥ. ಸರಕಾರದ ಕಾಯಿದೆ ಹೇಳುವುದು ಇಷ್ಟು: ಅಗೆಯುವ ಮುಂಚೆ ಮೇಲ್ಮಣ್ಣನ್ನು ಕೆರೆದು ಬೇರೆ ಗುಡ್ಡೆ ಹಾಕಿಡಬೇಕು. ಕಲ್ಲಿದ್ದಲು ತೆಗೆದ ಮೇಲೆ ಹೊಂಡವನ್ನು ಕಲ್ಲುಮಣ್ಣಿನಿಂದ ತುಂಬಿ, ಇಳಿಜಾರು ಸರಿಮಾಡಿ, ಅದೇ ಮೇಲ್ಮಣ್ಣನ್ನು ಮೇಲೆ ಹಾಸಿ, ಗಿಡ ನೆಟ್ಟು ಬದುಕಿಸಿ ತೋರಿಸಬೇಕು. ಆಗ ಇಲಾಖೆ ಒಪ್ಪುತ್ತದೆ, ಕಂಪನಿಯ ಠೇವಣಿ ಬಿಡುಗಡೆಯಾಗುತ್ತದೆ, ನೆಲ ಆ ಹಳ್ಳಿಯವರಿಗೆ ಹೋಗುತ್ತದೆ.

ನನಗೆ ಇದು ಗೊತ್ತಿರಲಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ. ಮೂರು ವಾರ ಗಣಿ, ಒಂದು ವಾರ ಮನೆ. ಎರಡು ಸರದಿಯಲ್ಲಿ ಕೇಳದವನ ಹಾಗೆ ಕೇಳಿ, ನೋಡದವನ ಹಾಗೆ ನೋಡಿ ಎಲ್ಲ ಕಲಿತೆ. ಆಮೇಲೆ ಅಲ್ಲಿ ನನಗಿಂತ ಚೆನ್ನಾಗಿ ಇಳಿಜಾರು ಕಡಿಯುವವರು ಇರಲಿಲ್ಲ. ಎರಡು ವರ್ಷದಲ್ಲಿ ಆ ಹೊಂಡವನ್ನು ತುಂಬಿ, ಮೆಟ್ಟಿಲು ಮೆಟ್ಟಿಲು ಮಾಡಿ ಎಂಥ ಮಳೆಗೂ ಜರುಗದ ಹಾಗೆ ನಿಲ್ಲಿಸಿದೆ.

ಮೇಲ್ಮಣ್ಣು ಮಾತ್ರ ಇರಲಿಲ್ಲ. ಗುಡ್ಡೆ ಎಂದು ತೋರಿಸಿದ ಜಾಗದಲ್ಲಿ ಇದ್ದದ್ದು ಒಂದು ಮೂಲೆಗೆ ಸಾಲದಷ್ಟು. ಉಳಿದದ್ದನ್ನು ನಾನು ಬರುವ ಮುಂಚೆಯೇ, ಅವಸರದಲ್ಲಿ, ಕಲ್ಲುಮಣ್ಣಿನ ಜೊತೆ ಕಲಸಿ ಎಲ್ಲೋ ಸುರಿದಿದ್ದರು. ಮೈಸೂರಿನವನಿಗೆ ಫೋನಿನಲ್ಲಿ ಹೇಳಿದೆ. "ಅರೇಂಜ್ ಮಾಡ್ತಿದೀವಿ ಅಂಕಲ್, ನೀವು ಲೆವೆಲ್ ಮುಗಿಸಿ" ಎಂದ. ಪ್ರತಿ ಸರದಿಯಲ್ಲೂ ಹೇಳಿದೆ. ಪ್ರತಿ ಸರದಿಯಲ್ಲೂ ಅರೇಂಜ್ ಮಾಡುತ್ತಲೇ ಇದ್ದ.

ಎರಡು ವರ್ಷ ತುಂಬುವ ಹೊತ್ತಿಗೆ ಗಣಿ ಇಲಾಖೆಯ ಇನ್ಸ್‌ಪೆಕ್ಟರ್ ಬಂದಳು. ಐವತ್ತು ದಾಟಿದ ಹೆಂಗಸು, ತಲೆಗೆ ವಸ್ತ್ರ, ಕಾಲಿಗೆ ಗಮ್‌ಬೂಟು. ಜೀಪಿನಿಂದ ತಾನೇ ಒಂದು ಉದ್ದನೆಯ ಕಬ್ಬಿಣದ ಸಲಾಕೆ ಇಳಿಸಿಕೊಂಡಳು. ಅದನ್ನು ನೆಲಕ್ಕೆ ಚುಚ್ಚಿ ತಿರುಗಿಸಿ ಎಳೆದರೆ ಒಳಗಿನ ಮಣ್ಣು ಅಂಟಿಕೊಂಡು ಮೇಲೆ ಬರುತ್ತದೆ. ನಾನು ಎರಡು ವರ್ಷ ಬೆವರು ಸುರಿಸಿ ಮಾಡಿದ ಮೆಟ್ಟಿಲಿನ ಮೇಲೆ ಚುಚ್ಚಿದಳು. ಹಳದಿ ಜೇಡಿ ಬಂತು. ಬೆರಳಲ್ಲಿ ಉಂಡೆ ಮಾಡಿ ನನ್ನ ಅಂಗೈಗೆ ಇಟ್ಟಳು.

ನನಗೆ ಬರುವ ಮಲಯ್ ಅವಳ ಭಾಷೆಗೆ ಹತ್ತಿರ. ಹಿರಿಯ ಗಂಡಸರನ್ನು ಅವರು ಪಾಕ್ ಎನ್ನುತ್ತಾರೆ, ಹೆಂಗಸರನ್ನು ಇಬು.

"ಪಾಕ್, ಇದರಲ್ಲಿ ಏನು ಬೆಳೆಯುತ್ತೆ?"

"ಮಡಕೆ ಮಾಡಬಹುದು" ಎಂದೆ.

ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಇಳಿಜಾರು ಬಹಳ ಚೆನ್ನಾಗಿದೆ. ಮೇಲ್ಮಣ್ಣು ಬರೋತನಕ ರುಜು ಮಾತ್ರ ಹಾಕಬೇಡಿ. ನನಗೆ ಇಂಥ ಹದಿನಾಲ್ಕು ಗಣಿ ಇವೆ, ಈ ಸಲಾಕೆ ಒಂದೇ. ಎಲ್ಲ ಕಡೆ ಚುಚ್ಚೋಕಾಗಲ್ಲ. ಸೂಪರ್‌ವೈಸರ್ ರುಜು ನಂಬಿಯೇ ನಾನು ಕೆಲಸ ಮಾಡೋದು."

"ನನ್ನ ರುಜು ನಂಬಬಹುದು, ಇಬು" ಎಂದೆ. ಎದೆಯುಬ್ಬಿಸಿಯೇ ಹೇಳಿದೆ. ಆ ಮಾತು ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಮೂರು ತಿಂಗಳ ಮೇಲೆ, ನನ್ನ ಮನೆ ವಾರದಲ್ಲಿ, ಮೈಸೂರಿನವನು ಆಫೀಸಿಗೆ ಕರೆದ. ಮಧ್ಯಾಹ್ನ ಊಟದ ಹೊತ್ತು. ಎಂಆರ್‌ಟಿ ಸ್ಟೇಷನ್ನಿನಿಂದ ಬ್ಯಾಂಕಿನ ಜನ ಹಾಕರ್ ಸೆಂಟರಿನ ಊಟದಂಗಡಿಗಳ ಕಡೆ ನುಗ್ಗುತ್ತಿದ್ದರು. ಮೇಲೆ ಹೋದೆ. ಆರು ಹಾಳೆಯ ಒಂದು ಫಾರಮ್ಮನ್ನು ಅವನು ಮುಂದಿಟ್ಟ.

"ಲಾಸ್ಟ್ ಪೇಜಲ್ಲಿ ಒಂದು ಸೈನ್ ಮಾಡ್ಬಿಡಿ ಅಂಕಲ್."

"ಏನಿದು?"

"ಕಂಪ್ಲೀಷನ್ ಫಾರ್ಮ್. ಲೆವೆಲ್ ರೀಚ್ ಆಗಿದ್ಯಲ್ಲ?"

"ಲೆವೆಲ್ ಬಂದಿದೆ. ಮೇಲ್ಮಣ್ಣು ಬಂದಿಲ್ಲ."

"ಅಯ್ಯೋ ಅದು ನೆಕ್ಸ್ಟ್ ಸ್ಟೇಜು. ಇದು ಬರೀ ಲೆವೆಲ್‌ದು."

ಹಾಳೆ ತಿರುವಿದೆ. ರಿಕ್ಲಮೇಶನ್ ಎಂಬ ಪದ ಎಂಟು ಹತ್ತು ಕಡೆ ಕಂಡಿತು. ನನ್ನ ಲೆವೆಲಿನ ಅಂಕಿಗಳು ಕಂಡವು, ಎಲ್ಲ ಸರಿ ಇದ್ದವು. ನಡುವೆ ಬೇರೆ ಪದಗಳಿದ್ದವು, ಆಕಾರ ಗೊತ್ತಿಲ್ಲದವು. ನಾನು ಪೆನ್ನು ತೆಗೆಯದೆ ಕುಳಿತದ್ದನ್ನು ಅವನು ನೋಡಿದ. ಅವನಿಗೆ ಆ ಕ್ಷಣಕ್ಕೆ ಏನೋ ಹೊಳೆಯಿತು. ಮೆತ್ತಗೆ, ಆದರೆ ಪಕ್ಕದ ಮೇಜಿನ ಇಬ್ಬರು ಹುಡುಗಿಯರಿಗೆ ಕೇಳುವಷ್ಟು ಜೋರಾಗಿ ಹೇಳಿದ:

"ಡೌಟ್ ಇದ್ರೆ ಮನೆಗೆ ತಗೊಂಡ್ಹೋಗಿ ಅಂಕಲ್. ಮಗಳ ಹತ್ರ ಓದಿಸ್ಕೊಂಡು ಬನ್ನಿ. ಪರವಾಗಿಲ್ಲ, ನಾಳೆ ಕೊಡಿ."

ಆ ಹುಡುಗಿಯರಲ್ಲಿ ಒಬ್ಬಳು ಬೆಂಗಳೂರಿನವಳು. ತಲೆ ತಗ್ಗಿಸಿ ನಕ್ಕಳು.

ನಾಳೆ ಕೊಡುತ್ತೇನೆ ಎಂದು ಎದ್ದು ಬಂದಿದ್ದರೆ ಈ ಬರಹವೇ ಬೇಕಿರಲಿಲ್ಲ. ನಾನು ಪೆನ್ನು ತೆಗೆದೆ. ಊರ ಹೆಸರು, ಅಪ್ಪನ ಹೆಸರು, ನನ್ನ ಹೆಸರು. ಒತ್ತಿ ಬರೆದೆ, ಹಿಂದಿನ ಹಾಳೆಗೂ ಅಚ್ಚು ಬೀಳುವ ಹಾಗೆ.

ನನ್ನ ರುಜು ಬಿದ್ದ ಕಾಗದಗಳ ನಕಲನ್ನು ಫೈಲಿನಲ್ಲಿ ಇಡುವುದು ನನ್ನ ಅಭ್ಯಾಸ. ಸಂಜೆ ಮನೆಯಲ್ಲಿ ಫೈಲು ತೆಗೆದಾಗ ಮಗಳು ಊಟದ ಮೇಜಿನ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಳು. ಪಾಲಿಟೆಕ್ನಿಕ್ಕಿನ ಕೊನೆಯ ವರ್ಷ. ಅವಳು ಹುಟ್ಟಿದ್ದು ಬೆಳೆದದ್ದು ಇಲ್ಲೇ, ಮಾತಿನ ಕೊನೆಗೆ ಇಲ್ಲಿನವರ ಹಾಗೆ 'ಲಾ' ಸೇರಿಸುತ್ತಾಳೆ. ಸುಮ್ಮನೆ ಹಾಳೆ ಎಳೆದುಕೊಂಡು ನೋಡಿದಳು.

"ವಾ ಅಪ್ಪಾ, ಟಾಪ್‌ಸಾಯಿಲ್ ಎಲ್ಲಾ ಫಿನಿಶ್ ಆಯ್ತಾ? ನೀವು ಹೋದ್ಸಲ ಇಲ್ಲ ಅಂತ ಬೈತಾ ಇದ್ರಿ."

"ಟಾಪ್‌ಸಾಯಿಲ್ ಅಂತ ಎಲ್ಲೈತಿ?"

"ಇಲ್ಲಿ ಲಾ. ಐವತ್ತು ಸೆಂಟಿಮೀಟರ್ ಮೇಲ್ಮಣ್ಣು, ಪೂರ್ತಿ ಏರಿಯಾಗೆ ಹಾಕಿದ್ದಾರೆ, ಅದನ್ನ ಸೂಪರ್‌ವೈಸರ್ ಕಣ್ಣಾರೆ ನೋಡಿದ್ದಾರೆ ಅಂತ." ಬೆರಳು ಕೆಳಗೆ ಜಾರಿತು. "ಸೂಪರ್‌ವೈಸರ್ ಅಂದ್ರೆ ನೀವೇ ಅಲ್ವಾ? ಇದು ನಿಮ್ಮ ಸೈನ್."

ಅಡುಗೆಮನೆಯಿಂದ ಹೆಂಡತಿ ಇಣುಕಿದಳು. "ಏನಾತ್ರೀ? ಯಾಕ ಹಂಗ ನಿಂತೀರಿ?"

ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು: "ಮಗಳಿಗೊಂದು ಫೋನ್ ಮಾಡಿ ಓದಿಸಿದ್ರ ನಿಮ್ಮ ಮೀಸಿ ಉದುರ್ತಿತ್ತೇನು?"

ನಾನು ಹಾಳೆಗಳನ್ನು ಫೈಲಿಗೆ ವಾಪಸು ಹಾಕಿದೆ.

ಮರುದಿನ ಬೆಳಿಗ್ಗೆ ಆಫೀಸು ತೆರೆಯುವ ಮುಂಚೆ ಹೋಗಿ ನಿಂತೆ. ಮೈಸೂರಿನವನಿಗೆ ಫಾರಮ್ಮು ವಾಪಸು ಕೊಡು ಎಂದೆ. "ಅದು ನಿನ್ನೇನೇ ಸಬ್‌ಮಿಟ್ ಆಯ್ತಲ್ಲ ಅಂಕಲ್" ಎಂದ. ನೀನು ಸುಳ್ಳು ಹೇಳಿದೆ ಎಂದೆ. ಅವನು ಸಿಟ್ಟಾಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾದದ್ದು. ಮಗುವಿಗೆ ಸಮಾಧಾನ ಹೇಳುವವನ ಹಾಗೆ ಹೇಳಿದ: "ಮಣ್ಣು ಇವತ್ತಲ್ಲ ನಾಳೆ ಹಾಕೇ ಹಾಕ್ತೀವಿ. ಅಷ್ಟರಲ್ಲಿ ಯಾರು ಬಂದು ಅಗೆದು ನೋಡ್ತಾರೆ?"

ಯಾರು ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಸಲಾಕೆ ಕಣ್ಣ ಮುಂದೆ ಬಂತು. ಅವತ್ತೇ ಇನ್ಸ್‌ಪೆಕ್ಟರಿಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ. ಮಣ್ಣು ಬಂದುಬಿಟ್ಟರೆ ರುಜು ನಿಜವಾಗುತ್ತದಲ್ಲ ಎಂದು ಐದು ವಾರ ಟಿಪ್ಪರುಗಳ ದಾರಿ ಕಾದೆ. ಒಂದೂ ಬರಲಿಲ್ಲ. ಬಂದದ್ದು ಅವಳೇ. ನಾನು ಸಿಂಗಾಪುರದಲ್ಲಿದ್ದ ವಾರ ಬಂದು, ಹನ್ನೊಂದು ಕಡೆ ಚುಚ್ಚಿ, ಹನ್ನೊಂದು ಉಂಡೆ ಹಳದಿ ಜೇಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದಳೆಂದು ಡ್ರೈವರೊಬ್ಬ ಫೋನ್ ಮಾಡಿದ.

ವಿಚಾರಣೆ ವಿಡಿಯೊ ಕಾಲಿನಲ್ಲಿ, ರಾಫೆಲ್ಸ್ ಪ್ಲೇಸಿನ ಆಫೀಸಿನಲ್ಲೇ ಎಂದಾಯಿತು. ಕೆಳಗೆ ಲಿಫ್ಟಿನ ಹತ್ತಿರ ಮೈಸೂರಿನವನು ನನಗಾಗಿ ಕಾಯುತ್ತಿದ್ದ. ಲಿಫ್ಟಿನಲ್ಲಿ ಇಬ್ಬರೇ.

"ಅಂಕಲ್, ಒಳಗೆ ನೀವು ಏನೂ ಮಾತಾಡ್ಬೇಡಿ. ಸೈನು ಕನ್ನಡದಲ್ಲಿದೆ. ಅವ್ರಿಗೆ ಯಾರಿಗೂ ಓದಕ್ಕೆ ಬರಲ್ಲ. ಹಳೇ ಸೂಪರ್‌ವೈಸರ್‌ದು ಅಂದ್ಬಿಡ್ತೀನಿ. ತಿರುಚ್ಚಿಯವ್ರು, ತಮಿಳಲ್ಲಿ ಹಾಕ್ತಿದ್ರು, ಹೋಗೋ ಮುಂಚೆ ಖಾಲಿ ಫಾರ್ಮ್‌ಗೆ ಸೈನ್ ಹಾಕಿಟ್ಟಿದ್ರು ಅಂತ. ಅವ್ರು ಹೇಗೂ ಬಿಟ್ಟು ಹೋಗಿದಾರೆ, ಅವ್ರಿಗೇನೂ ಆಗಲ್ಲ. ನಿಮ್ಮ ಕೆಲಸ ಉಳಿಯುತ್ತೆ, ನಮ್ಮ ಪರ್ಮಿಟ್ಟೂ ಉಳಿಯುತ್ತೆ."

"ನೀನು ಓದಬಲ್ಲೆಯಲ್ಲ" ಎಂದೆ.

"ನಾನ್ಯಾಕೆ ಓದ್ತೀನಿ?" ಎಂದು ನಕ್ಕು ನನ್ನ ಭುಜ ತಟ್ಟಿದ.

ಬಾಗಿಲು ತೆರೆಯಿತು. ನನ್ನ ಚೀಲದಲ್ಲಿ ತಿರುಚ್ಚಿಯವನ ಫ್ಲಾಸ್ಕು ಇತ್ತು. ದಿನವೂ ಇರುತ್ತಿತ್ತು, ಅವತ್ತೂ ಇತ್ತು.

ಉದ್ದನೆಯ ಮೇಜಿನ ತುದಿಯಲ್ಲಿ ಕಂಪನಿಯ ದೊಡ್ಡವರು ಮೂವರು. ಗೋಡೆಯ ಪರದೆಯ ಮೇಲೆ ಇನ್ಸ್‌ಪೆಕ್ಟರ್. ಮಣ್ಣಿನ ಚೀಲಗಳನ್ನು ಸಾಲಾಗಿ ತೋರಿಸಿದಳು, ಆಮೇಲೆ ಫಾರಮ್ಮಿನ ಕೊನೆಯ ಹಾಳೆಯನ್ನು ಪರದೆಯ ತುಂಬ ಹಾಕಿದಳು. ನನ್ನ ಅಕ್ಷರಗಳು ಒಂದೊಂದೂ ತಲೆಯಷ್ಟು ದಪ್ಪ.

"ಇದು ಯಾವ ಬರಹ? ಯಾರ ಹೆಸರು?"

ಮೈಸೂರಿನವನು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದ. ಹಳೆಯ ಸೂಪರ್‌ವೈಸರ್, ಕೆಲಸ ಬಿಟ್ಟವರು, ಅವರ ಕೈಬರಹ ಇರಬಹುದು, ಖಚಿತವಾಗಿ ಹೇಳುವುದು ಕಷ್ಟ. ಎಷ್ಟು ನಯವಾಗಿ ಹೇಳಿದನೆಂದರೆ ಒಂದು ಗಳಿಗೆ ನನಗೇ ಅದು ಬೇರೆಯವರ ರುಜು ಅನ್ನಿಸಿತು.

ನಾನು ಎದ್ದು ಪರದೆಯ ಹತ್ತಿರ ಹೋದೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ, ಶಾಲೆಯ ಹಲಗೆಯ ಮುಂದೆ ನಿಂತು ಓದುತ್ತಿದ್ದ ಹಾಗೆ. ಆಮೇಲೆ ಮಲಯ್‌ನಲ್ಲಿ ಹೇಳಿದೆ: "ಇದು ನಮ್ಮ ಊರು. ಇದು ನಮ್ಮಪ್ಪ. ಇದು ನಾನು."

ಇನ್ಸ್‌ಪೆಕ್ಟರ್ ಕ್ಯಾಮೆರಾದ ಹತ್ತಿರ ಬಾಗಿದಳು. ಆಮೇಲೆ ಕೇಳಿದಳು: "ಪಾಕ್, ಓದಿ ಹಾಕಿದಿರಾ?"

ಇಪ್ಪತ್ತೈದು ವರ್ಷ ಮುಚ್ಚಿಟ್ಟದ್ದನ್ನು ಆ ತಣ್ಣನೆಯ ಕೋಣೆಯಲ್ಲಿ ಅಷ್ಟು ಜನರ ಮುಂದೆ ಹೇಳಬೇಕಾಯಿತು. "ಇಲ್ಲ ಇಬು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ."

ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅಳುವಲ್ಲ, ದಣಿವು. "ಓದದೆ ಹಾಕಿದ್ದು ಅಂತ ಬರೆಯೋಕೆ ನನ್ನ ಫಾರಮ್ಮಿನಲ್ಲಿ ಜಾಗ ಇಲ್ಲ. ರುಜು ಇದೆ, ಮಣ್ಣು ಇಲ್ಲ. ಅಷ್ಟೇ ಬರೆಯಬೇಕು ನಾನು."

ಬರೆದಳು. ಆ ದೇಶದ ಯಾವ ಗಣಿಯಲ್ಲೂ ನನ್ನ ರುಜು ಇನ್ನು ನಡೆಯುವುದಿಲ್ಲ ಎಂದು ಇಲಾಖೆಯಿಂದ ಕಾಗದ ಬಂತು. ಅದನ್ನು ಮಗಳು ಓದಿ ಹೇಳಿದಳು. ಸುಳ್ಳು ದೃಢೀಕರಣ ಕೊಟ್ಟದ್ದಕ್ಕಾಗಿ ಕೆಲಸದಿಂದ ತೆಗೆದಿದ್ದೇವೆ ಎಂದು ಕಂಪನಿಯ ಕಾಗದವೂ ಅದೇ ವಾರ ಬಂತು, ಕೆಳಗೆ ಮೈಸೂರಿನವನ ರುಜು. ಇನ್ಸ್‌ಪೆಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವಳು ತನ್ನ ಕೆಲಸ ಮಾಡಿದಳು, ಆ ಇಡೀ ವ್ಯವಹಾರದಲ್ಲಿ ತನ್ನ ಕೆಲಸ ಮಾಡಿದವಳು ಅವಳೊಬ್ಬಳೇ. ಆದರೆ ಕಾಯಿದೆಯ ಕೈಗೆ ಸಿಕ್ಕಿದ್ದು ರುಜು ಹಾಕಿದ ಕೈ ಮಾತ್ರ. ಹಾಕಿಸಿದ ಕೈ ಈಗಲೂ ರಾಫೆಲ್ಸ್ ಪ್ಲೇಸಿನಲ್ಲಿ ಕಾಫಿ ಕುಡಿಯುತ್ತಿದೆ.

ಮಣ್ಣು ಕೊನೆಗೂ ಬಂತಂತೆ. ಪಕ್ಕದ ಗುಡ್ಡವನ್ನು ಕೆರೆದು ತಂದರಂತೆ. ಅದು ಇನ್ನೂ ಗಣಿಯಾಗದ, ಮರ ಇದ್ದ ಗುಡ್ಡ. ಡ್ರೈವರ್ ಫೋಟೊ ಕಳಿಸಿದ. ನನ್ನ ಮೆಟ್ಟಿಲುಗಳು ಕಪ್ಪಗೆ ಚೆನ್ನಾಗಿ ಕಾಣುತ್ತಿದ್ದವು, ಹಿಂದೆ ಗುಡ್ಡ ಸುಲಿದಂತಿತ್ತು. ಗೇಟಿನ ಹಲಗೆಯ ಮೇಲೆ ಅಂಟಿಸಿದ ಹೊಸ ಫಾರಮ್ಮಿನ ಫೋಟೊವನ್ನೂ ಕಳಿಸಿದ್ದ. ಹೊಸ ಸೂಪರ್‌ವೈಸರನ ರುಜು ಒಂದು ಗೀಟು, ಕೊನೆಯಲ್ಲಿ ಬಾಲ. ನಾಳೆ ನನ್ನದಲ್ಲ ಎಂದರೆ ಹೌದೆಂದು ಸಾಧಿಸುವವರಿಲ್ಲ.

ನಾನೀಗ ಸೆಲೆಟಾರ್ ಕಡೆ ರಸ್ತೆ ಕೆಲಸದಲ್ಲಿ ರೋಲರ್ ಓಡಿಸುತ್ತೇನೆ. ಗೇಟಿನಲ್ಲಿ ಯಂತ್ರ ಮುಖ ನೋಡಿ ಒಳಗೆ ಬಿಡುತ್ತದೆ. ರುಜು ಯಾರೂ ಕೇಳುವುದಿಲ್ಲ.

ಕಳೆದ ನವೆಂಬರಿನಲ್ಲಿ ಹೆಂಡತಿ ಹಟ ಮಾಡಿ ಕನ್ನಡದವರ ರಾಜ್ಯೋತ್ಸವಕ್ಕೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಒಂದು ದಪ್ಪ ಪುಸ್ತಕ ಇಟ್ಟಿದ್ದರು, ಬಂದವರು ಹೆಸರು ಬರೆಯಬೇಕು. ಹೆಚ್ಚಿನವರು ಇಂಗ್ಲಿಷಿನಲ್ಲಿ ಬರೆದಿದ್ದರು. ಮೇಲಿನ ಸಾಲುಗಳನ್ನು ಬೆರಳಿಟ್ಟು ನೋಡಿ, ಇದು ಬರೀ ಹೆಸರಿನ ಪುಸ್ತಕವೇ ತಾನೇ ಎಂದು ಮೇಜಿನ ಹಿಂದಿದ್ದ ಹುಡುಗಿಯನ್ನು ಎರಡು ಸಲ ಕೇಳಿ, ಆಮೇಲೆ ಬರೆದೆ. ಊರು, ಅಪ್ಪ, ನಾನು.

ಹಿಂದಿನಿಂದ ಗೊತ್ತಿದ್ದ ದನಿ ಬಂತು. ರೇಷ್ಮೆ ಜುಬ್ಬ, ಕೊರಳಿಗೆ ಹಳದಿ ಕೆಂಪು ಶಾಲು. ಅದೇ ಅರಳಿದ ಮುಖ.

"ಅಂಕಲ್! ಎಷ್ಟು ದಿನ ಆಯ್ತು! ನೀವು ಅಂತ ಹಿಂದಿನಿಂದಾನೇ ಗೊತ್ತಾಯ್ತು. ಈ ಕೈಬರಹ ಎಲ್ಲಿ ಕಂಡ್ರೂ ಗುರುತು ಹಿಡೀತೀನಿ ನಾನು. ಎಷ್ಟು ಮುದ್ದಾಗಿ ಬರೀತೀರಿ!"

ಹೆಂಡತಿ ನನ್ನ ತೋಳು ಹಿಡಿದಳು. ಬಾಯಿಗೆ ಏನೇನೋ ಬಂತು. ಹೇಳಿದ್ದು ಇಷ್ಟೇ:

"ಅವತ್ತು ಹಿಡೀಲಿಲ್ಲವಲ್ಲಪ್ಪ."

ಅವನು ನಕ್ಕ. ನಾನು ಪೆನ್ನಿನ ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟೆ, ಅವನ ಸರದಿ ಇತ್ತು. ಅವನು ಬಗ್ಗಿ ಒಂದು ಗೀಟು ಎಳೆದು ಒಳಗೆ ಹೋದ.